ಸಿಲೋನ್ ನಕಾಶೆಯ ತೂತು

"ಬ್ರೇಕ್ ಹಿಡೀತಿಲ್ಲ ಡಾ" ಎಂದು ಸ್ಟೀರಿಂಗ್ ಹಿಡಿದಿದ್ದ ಚಿನ್ನಸಾಮಿ ಹೇಳಿದಾಗ, ಇಂಜಿನ್ ಆರಿಸಿದ ನಮ್ಮ ಕಾರು ಕೇರಳದ ಗಡಿಯ ಕುಮಿಳಿ ಘಾಟಿಯಲ್ಲಿ ಕೆಳಗಿನ ಕಂಬಂ ಊರಿನ ಕಡೆಗೆ ಜಾರುತ್ತಿತ್ತು. ಆರಿಸಿದ್ದು ನಾವೇ. ಅರವತ್ತರ ದಶಕದ ಮೊದಲ ವರ್ಷಗಳು. ಕಾರು ಹುಚ್ಚಿನ ಮೂವರು ಗೆಳೆಯರು, ದಿಂಡಿಗಲ್ಲಿನಲ್ಲಿ ಅಗ್ಗಕ್ಕೆ ಕೊಂಡ ಹಳೇ ಕಾರನ್ನು ಹಡಗಿಗೇರಿಸಿ ಸಿಲೋನ್ ಸುತ್ತಿ ಬರಬೇಕೆಂದಿದ್ದೆವು. ಅಲ್ಲಿನ ಬೆಟ್ಟಗಳನ್ನು ಹೀಗೆ ಇಳಿದರೆ ಪೆಟ್ರೋಲ್ ಎಷ್ಟು ಉಳಿದೀತು ಎಂದು ನೋಡುವ ಪರೀಕ್ಷೆ ಅದು.

ನನ್ನ ತೊಡೆಯ ಮೇಲೆ ಸಿಲೋನಿನ ನಕಾಶೆ. ಒಂದು ಬದಿಗೆ ಪ್ರಪಾತ. ತಿರುವು ದಾಟಿದರೆ ಮುಂದೆ ಒಂದು ಎತ್ತಿನ ಬಂಡಿ ಇಳಿಯುತ್ತಿದೆ! ನಕಾಶೆಯನ್ನೇ ಬಿಗಿಯಾಗಿ ಹಿಡಿದುಕೊಂಡೆ. ಚಿನ್ನಸಾಮಿ ಕಾರನ್ನು ಬೆಟ್ಟದ ಬದಿಯ ಮಣ್ಣಿಗೆ ಒತ್ತಿದ. ಅದು ಕೆರೆದುಕೊಂಡು ಹೋಗಿ ಬಂಡಿಗೆ ಒಂದು ಮಾರು ಹಿಂದೆ ನಿಂತಿತು.

ಬಂಡಿಯ ಮುದುಕ ಬೈಯಲಿಲ್ಲ. ನಮ್ಮ ಮಾತು ಕೇಳಿ, ತಮಿಳು ಸೀಮೆಯ ನಮ್ಮ ಮನೆಗಳಲ್ಲಿ ಆಡುವ ಕನ್ನಡದಲ್ಲೇ, "ಇಳಿಯೋ ವಂಡಿ ಯಾವ್ದಾದ್ರೂ ಹಿಂದೆ ಮರ ಇರ್ಬೇಕು ತಂಬಿ" ಎಂದ. ಇಳಿಜಾರಿನಲ್ಲಿ ಬಂಡಿ ಓಡದಂತೆ ಹಿಂದೆ ನೆಲಕ್ಕೆ ಎಳೆಯಬಿಟ್ಟಿದ್ದ ದಿಮ್ಮಿಯನ್ನು ಬಿಚ್ಚಿ ನಮ್ಮ ಕಾರಿಗೆ ಕಟ್ಟಿದ.

"ನಿಮಗೆ, ತಾತಾ?" ಎಂದೆ.

"ನನ್ನ ಎತ್ತಿಗೆ ಭಯ ಗೊತ್ತು."

ದಿಮ್ಮಿ ಎಳೆದುಕೊಂಡು, ಅವನ ಬಂಡಿಯ ಹಿಂದೆ, ನಡಿಗೆಯ ವೇಗದಲ್ಲಿ ಇಳಿದೆವು.

ಸಿಲೋನಿಗೆ ಹೋಗಲೇ ಇಲ್ಲ. ನಕಾಶೆ ಮಾತ್ರ ಇನ್ನೂ ನನ್ನಲ್ಲಿದೆ. ಕ್ಯಾಂಡಿ ಇರಬೇಕಾದ ಜಾಗದಲ್ಲಿ ಅಂದು ನನ್ನ ಹೆಬ್ಬೆರಳು ತೂರಿದ ತೂತಿದೆ.