ಅತ್ತೆ ವಾಪಸ್ ತಂದ ಬಟ್ಟಲುಗಳು

ನಮ್ಮ ಅತ್ತೆಗೆ ಹುಬ್ಬು ಇರಲಿಲ್ಲ. ಮಡಕೆ ಸುಡುವ ಆವಿಗೆಗೆ ಬಗ್ಗಿ ಬಗ್ಗಿ ಎರಡೂ ಹುಬ್ಬು ಸುಟ್ಟು, ಮತ್ತೆ ಮೊಳೆಯುವ ಆಸೆಯನ್ನೇ ಬಿಟ್ಟಿದ್ದವು. ಹಾಗಾಗಿ ಯಾರೋ ಈಗಷ್ಟೇ ಕೆಟ್ಟ ಸುದ್ದಿ ಹೇಳಿ ಹೋದಂತೆ ಅವಳ ಮುಖ ಸದಾ ಕಾಣುತ್ತಿತ್ತು. ಸ್ವಭಾವವೂ ಮುಖಕ್ಕೆ ತಕ್ಕಂತೆಯೇ. ಬಸ್ಸು ಐದು ನಿಮಿಷ ತಡವಾದರೆ ಎಲ್ಲೋ ಹಳ್ಳಕ್ಕೆ ಬಿದ್ದಿದೆ ಎಂದೇ ಅವಳ ತೀರ್ಮಾನ. ನಾನು ಫೋನು ಎತ್ತದಿದ್ದರೆ ಪಕ್ಕದ ಅಂಗಡಿಯ ಟೈಲರಿಗೆ ಫೋನು, ಅವನೂ ಎತ್ತದಿದ್ದರೆ ಎದುರಿನ ಬೇಕರಿಗೆ. "ಏನಾರ ಆದ್ರೆ?" ಎಂದೇ ಅವಳ ಅರ್ಧ ಮಾತುಗಳು ಶುರುವಾಗುತ್ತಿದ್ದವು, ಉಳಿದರ್ಧ ಅಲ್ಲಿಗೇ ಬಂದು ಮುಗಿಯುತ್ತಿದ್ದವು.

ಅವಳು ನನ್ನಪ್ಪನ ಅಕ್ಕ. ಚನ್ನರಾಯನದುರ್ಗದ ಬೆಟ್ಟ ಕಾಣುವ ಒಂದು ಹಳ್ಳಿಯಲ್ಲಿ ಮನೆ, ಹಿತ್ತಲಲ್ಲಿ ಆವಿಗೆ. ಇಷ್ಟೆಲ್ಲ ಹೆದರುವವಳು ಮಾವ ತೀರಿಕೊಂಡ ಮೇಲೆ ಮಡಕೆ ಮಾಡುವ ತಿಗರಿಗೆ ತಾನೇ ಕೂತಳು. ಹೆಂಗಸು ತಿಗರಿ ಮುಟ್ಟಬಾರದು ಅಂದವರಿಗೆ, "ಅಂಗಾರೆ ನೀವೇ ಬಂದು ತಿರುಗ್ಸಿ," ಅಂದಳಂತೆ. ಯಾರೂ ಬರಲಿಲ್ಲ.

ಸುಟ್ಟ ಪ್ರತಿಯೊಂದು ಮಡಕೆಯನ್ನೂ ಕಿವಿಯ ಹತ್ತಿರ ಹಿಡಿದು ಬೆರಳಿನ ಗೆಣ್ಣಿನಿಂದ ತಟ್ಟುತ್ತಿದ್ದಳು. ಸದ್ದು ಸರಿಯಿಲ್ಲ ಅನ್ನಿಸಿದರೆ, ಕೊಳ್ಳುವವರು ಎದುರಿಗೇ ನಿಂತಿದ್ದರೂ, ಅಲ್ಲೇ ಒಡೆದು ಹಾಕುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು. ನಾನು ವ್ಯಾಪಾರದವಳು, ಮಧುಗಿರಿಯಲ್ಲಿ ನನ್ನದು ಬಳೆ ಮತ್ತು ಗಿಫ್ಟ್ ಅಂಗಡಿ. ಸಾಮಾನಿನಲ್ಲಿ ಸಣ್ಣ ಬಿರುಕಿದ್ದರೆ ಆ ಕಡೆಯನ್ನು ಗೋಡೆಗೆ ತಿರುಗಿಸಿ ಇಡುವ ಪೈಕಿ. ಅತ್ತೆಯನ್ನು ಪುಕ್ಕಲಿ ಎಂದು ಎಷ್ಟು ಸಲ ಆಡಿಕೊಂಡಿದ್ದೇನೋ ನನಗೇ ನೆನಪಿಲ್ಲ.

ಗಾಜಿನ ಹುಚ್ಚು ಹತ್ತಿಸಿದ್ದೂ ನಾನೇ. ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದ್ದೆ. ಮಣ್ಣಿನ ಬಟ್ಟಲಿಗೆ ಗಾಜಿನ ಚೂರು ಹಾಕಿ ಸುಟ್ಟಿದ್ದರು; ಗಾಜು ಕರಗಿ, ತಳದಲ್ಲಿ ನೀರು ನಿಂತಂತೆ ಹೊಳೆಯುತ್ತಿತ್ತು. ನನ್ನ ಅಂಗಡಿಯಲ್ಲಿ ಒಡೆದ ಬಳೆಗೇನು ಬರ? ಒಂದು ಡಬ್ಬ ತುಂಬಿಕೊಂಡು ಹೋದೆ. ಅತ್ತೆ ಹೌಹಾರಿದಳು.

"ಒಡ್ದ ಬಳೆ ಮನೆ ಒಳೀಕೆ ತರ್ತಾರೇನೇ? ಮೊದ್ಲು ಆಚೆಗಿಡು."

ಡಬ್ಬ ಎರಡು ದಿನ ಹುಣಸೆಮರದ ಬುಡದಲ್ಲಿ ಕೂತಿತ್ತು. ಮೂರನೆಯ ದಿನ ಅವಳೇ ಫೋನು ಮಾಡಿದಳು: "ಹಸ್ರು ಚೂರೇ ಬ್ಯಾರೆ, ಕೆಂಪೇ ಬ್ಯಾರೆ ಆಯ್ದು ಮಡಗಿದೀನಿ. ಬಾ."

ಮೊದಲ ಸಲ ಮಡಕೆಯ ಹೊರಮೈಗೆ ಚೂರು ಮೆತ್ತಿದೆವು. ಗಾಜು ಕರಗಿ ಸುರಿದು ಕೆಳಗಿನ ಮಡಕೆಗೆ ಅಂಟಿಕೊಂಡು, ಎರಡನ್ನೂ ಒಡೆದೇ ಬಿಡಿಸಬೇಕಾಯಿತು. ಎರಡನೆಯ ಸಲ ಬಟ್ಟಲಿನ ತಳಕ್ಕೆ ಹಾಕಿದೆವು. ಮೇಲಿಂದ ಬೂದಿ ಬಿದ್ದು ಗಾಜೆಲ್ಲ ಕಜ್ಜಿಯಂತೆ ಎದ್ದಿತ್ತು. ಆಮೇಲೆ ಪ್ರತಿ ಬಟ್ಟಲಿನ ಮೇಲೂ ಒಂದೊಂದು ಕುಡಿಕೆ ಬೋರಲು ಹಾಕಿ ಸುಡುವ ಉಪಾಯ ತೆಗೆದವಳು ಅತ್ತೆ. ಆಗ ಬಂತು ನೋಡಿ ಬಣ್ಣ! ಕೆಂಪು ಮಣ್ಣಿನ ನಡುವೆ ತಿಳಿಹಸಿರು. ಅತ್ತೆ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

ಆಮೇಲೆ ಅಂದಳು, "ಇದು ಹೂವು ಮಡಗಾಕೆ, ಕುಂಕುಮ ಮಡಗಾಕೆ. ತಿನ್ನಾಕಲ್ಲ. ಮಣ್ಣು ನೀರು ಕುಡಿಯುತ್ತೆ, ಗಾಜು ಕುಡಿಯಾಕಿಲ್ಲ. ಇಬ್ರೂ ಎಷ್ಟು ದಿನ ಹೊಂದ್ಕಂಡಿರ್ತಾರೋ ಯಾರಿಗ್ಗೊತ್ತು?"

ಅಷ್ಟರಲ್ಲಿ ಮಧುಗಿರಿಯಲ್ಲಿ ಹೊಸ ಮನೆ ಕಟ್ಟಿಸಿದ್ದ ಒಬ್ಬ ಟೀಚರಮ್ಮ ಅಂಗಡಿಯಲ್ಲಿ ಆ ಬಟ್ಟಲು ನೋಡಿದರು. ಗೃಹಪ್ರವೇಶಕ್ಕೆ ಬರುವ ಮುತ್ತೈದೆಯರಿಗೆ ತಾಂಬೂಲದ ಜೊತೆ ಕೊಡಲು ಹನ್ನೆರಡು ಬೇಕು ಅಂದರು. ಬಟ್ಟಲು ಸುಟ್ಟು ಮುಗಿದಾಗ ಗೃಹಪ್ರವೇಶಕ್ಕೆ ಒಂದೇ ದಿನ ಉಳಿದಿತ್ತು. ಆವಿಗೆ ತಾನಾಗಿ ಆರಲು ಎರಡು ದಿನ ಬೇಕು ಎಂದು ಅತ್ತೆ. ನಾಳೆಯೇ ಶಾಸ್ತ್ರ, ಇವತ್ತೇ ತೆಗೆಯಬೇಕು ಎಂದು ನಾನು.

"ಗಾಜು ನಿಧಾನುಕ್ಕೆ ಆರ್ಬೇಕು ಕಣೇ. ಏನಾರ ಆದ್ರೆ?"

"ಏನೂ ಆಗಲ್ಲ. ಸುಮ್ನೆ ತೆಗಿ ಅತ್ತೆ."

ತೆಗೆದಳು. ನನಗೆ ಇಲ್ಲ ಅನ್ನಲು ಅವಳಿಗೆ ಬರುತ್ತಿರಲಿಲ್ಲ. ಬಟ್ಟಲು ತೆಗೆದುಕೊಳ್ಳುವಾಗ ಟೀಚರಮ್ಮ, "ಇದರಲ್ಲಿ ಮೊಸರಿಗೆ ಹೆಪ್ಪು ಹಾಕಬಹುದಾ?" ಎಂದು ಕೇಳಿದರು. ನಾನು ಹಲ್ಲು ಕಿರಿದು, "ಧಾರಾಳವಾಗಿ ಹಾಕಿ ಮೇಡಂ, ಮಣ್ಣಲ್ಲಿ ಹಾಕಿದ ಮೊಸರಿನ ರುಚಿಯೇ ಬೇರೆ," ಅಂದೆ. ಅತ್ತೆ ಹೇಳಿದ್ದು ಮರೆತಿರಲಿಲ್ಲ. ಎಲ್ಲಿ ಬೇಡ ಅಂದುಬಿಡುತ್ತಾರೋ ಎಂದು ಹೇಳಿದ ಸುಳ್ಳು ಅದು.

ಮೂರು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಅತ್ತೆಯ ಫೋನು. "ಅಂಗಡಿ ಮುಚ್ಚಿ ಬಾ" ಎಂದಷ್ಟೇ ಹೇಳಿ ಇಟ್ಟಳು. ಹೋಗಿ ನೋಡಿದರೆ ಅವಳ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಆ ಹನ್ನೆರಡರ ಜೊತೆಗೇ ಸುಟ್ಟ ಇನ್ನೊಂದು ಬಟ್ಟಲನ್ನು ತನಗೆಂದು ಇಟ್ಟುಕೊಂಡು, ನೀರು ಹಾಕಿ ದಾಸವಾಳ ತೇಲಿಬಿಟ್ಟಿದ್ದಳು. ಊಟಕ್ಕೆ ಕೂತಾಗ ಟಿಣ್ ಎಂದು ಸದ್ದಾಯಿತಂತೆ. ಕೈ ಹಾಕಿ ನೋಡಿದರೆ ತಳದಿಂದ ಗಾಜಿನ ಹಕ್ಕಳೆಯೊಂದು ಎದ್ದು ಬಂದಿದೆ.

"ನೀರಲ್ಲೇ ಕಣ್ಣಿಗೆ ಬೀಳ್ಲಿಲ್ಲ ಕಣಮ್ಮ, ಬೆರಳು ಕುಯ್ದ ಮ್ಯಾಲೆ ಗೊತ್ತಾಯ್ತು. ಸದ್ಯ, ಅದ್ರಲ್ಲಿ ಯಾರೂ ತಿನ್ನಾಕಿಲ್ವಲ್ಲ?"

ನಾನು ಮೊಸರಿನ ವಿಷಯ ಹೇಳಿದೆ. ಬೈಯಲಿ, ಎರಡು ಬಿಗಿಯಲಿ ಎಂದು ಕಾದೆ. ಅವಳು ಬೈಯಲಿಲ್ಲ. "ಮೊಸರಲ್ಲಿ ಗಾಜು ಕಾಣಾಕಿಲ್ಲ," ಅಂದಳು, ಅಷ್ಟೇ. ಒಳಗೆ ಹೋಗಿ, ಗಾಜಿಲ್ಲದ ಬರೀ ಮಣ್ಣಿನ ಬಟ್ಟಲು ಹನ್ನೆರಡನ್ನು ಹಳೆ ಸೀರೆಯ ತುಂಡುಗಳಲ್ಲಿ ಸುತ್ತಿ ಎರಡು ಚೀಲಕ್ಕೆ ತುಂಬತೊಡಗಿದಳು. ಚೀಲ ಹೊತ್ತು ಇಬ್ಬರೂ ಟೀಚರಮ್ಮನ ಮನೆಗೆ ಹೋದೆವು.

ಟೀಚರಮ್ಮ ಮೊದಲು ಒಪ್ಪಲೇ ಇಲ್ಲ. "ಮುತ್ತೈದೆಯರಿಗೆ ಕೊಟ್ಟ ತಾಂಬೂಲ ವಾಪಸ್ ಕೇಳೋದಾ? ಹೊಸ ಮನೆ ನಮ್ಮದು. ನಿಮಗಾದರೂ ಗೊತ್ತಾಗಬಾರದಾ?" ಎಂದು ಮುಖ ತಿರುಗಿಸಿದರು.

ಅತ್ತೆ ಕೈ ಮುಗಿದಳು. "ತಾಂಬೂಲ ನಿಮ್ದು ಕಣವ್ವ, ಅದು ಅವ್ರ ಮನೇಲೇ ಇರ್ಲಿ. ಬಟ್ಲು ನಂದು. ಕೆಟ್ಟದ್ದು ಕೊಟ್ಬುಟ್ಟೆ. ಒಳ್ಳೇದು ಬದ್ಲು ಕೊಟ್ಟು ಬತ್ತೀನಿ."

ತಪ್ಪು ನನ್ನದು ಎಂದು ಅಲ್ಲಿ ಬಾಯಿ ಬಿಡಬೇಕಿದ್ದವಳು ನಾನು. ಬಿಡಲಿಲ್ಲ. ಟೀಚರಮ್ಮ ಮೆತ್ತಗಾಗಿ ಎಲ್ಲರ ಊರು, ಫೋನು ಬರೆದುಕೊಟ್ಟರು, ತಾವೇ ಫೋನೂ ಮಾಡಿದರು. ಹನ್ನೊಂದು ಮನೆಯವರು ಸಿಕ್ಕರು. ಪಾವಗಡದ ಆಚೆಯ ಒಂದು ಮನೆಯ ಫೋನು ಮಾತ್ರ ಸ್ವಿಚ್ ಆಫ್. ಆ ಮನೆಯಲ್ಲಿ ಎರಡು ವರ್ಷದ ಮಗುವಿದೆ ಎಂದು ಟೀಚರಮ್ಮ ಹೇಳಿದ ಮೇಲೆ ಅತ್ತೆ ನೀರನ್ನೂ ಕುಡಿಯಲಿಲ್ಲ.

ಪಾವಗಡದ ಕಡೆಗೆ ಆ ಹೊತ್ತಿನಲ್ಲಿ ಹೋದರೆ ಮುಂದಿನ ಹಳ್ಳಿಗೆ ಬಸ್ಸಿಲ್ಲ, ಬೆಳಿಗ್ಗೆಯೇ ಗತಿ. ಸುಮ್ಮನೆ ಕೂರಲಾರದೆ ಮಧುಗಿರಿಯ ಮನೆಗಳನ್ನು ಅವತ್ತೇ ಸುತ್ತಿದೆವು. ಕೊರಟಗೆರೆ, ಶಿರಾ, ಬರಗೂರಿನವರಿಗೆ ಬಟ್ಟಲನ್ನು ಎತ್ತಿಡಲು ಹೇಳಿ, ಆಮೇಲೆ ಹೋಗಿ ತರುವುದೆಂದಾಯಿತು. ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡುವ ರೂಢಿ ನಮ್ಮ ಹೆಂಗಸರಿಗಿಲ್ಲವಲ್ಲ, ಒಬ್ಬಾಕೆ ಸಕ್ಕರೆ ಸುರಿಯಲು ಬಂದರೆ ಇನ್ನೊಬ್ಬಾಕೆ ಅಕ್ಕಿ. "ಅದ್ರೊಳೀಕೆ ಬ್ಯಾಡ ಕಣ್ರವ್ವಾ, ನನ್ನ ಸೆರಗಿಗೆ ಹಾಕ್ರಿ," ಎಂದು ಅತ್ತೆ ಸೆರಗೊಡ್ಡುತ್ತಿದ್ದಳು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಮರುದಿನ ಪಾವಗಡದ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಂಬಿ ಬಿಗಿಯಾಗಿ ಹಿಡಿದು ಕೂತಿದ್ದಳು. ಬಸ್ಸು ನಿಂತಾಗಲೆಲ್ಲ, "ಯಾಕಂತೆ ನಿಲ್ಸಿದ್ದು?" ಇಳಿದು ಆ ಹಳ್ಳಿಯವರೆಗೆ ನಡೆಯುವಾಗ ಅವಳು ಓಡುತ್ತಿದ್ದಳೆಂದೇ ಹೇಳಬೇಕು. ಮನೆಯ ಜಗುಲಿಯ ಮೇಲೆ ಅಜ್ಜಿಯೊಬ್ಬಳು ಕಡಲೆಕಾಯಿ ಸುಲಿಯುತ್ತಿದ್ದಳು. "ರಾಂಡಿ, ರಾಂಡಿ, ಯಾವೂರಾಯ್ತಮ್ಮಾ?" ಎಂದು ಅರ್ಧ ತೆಲುಗಿನಲ್ಲಿ ಬರಮಾಡಿಕೊಂಡಳು. ಅವಳ ಹಿಂದೆ ನಡುಮನೆಯಲ್ಲಿ ಸೊಸೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅನ್ನಕ್ಕೆ ಮೊಸರು ಕಲಸುತ್ತಿದ್ದಳು. ಪಕ್ಕದಲ್ಲಿ ನಮ್ಮ ಬಟ್ಟಲು.

ಅತ್ತೆ ಕೇಳಲಿಲ್ಲ, ಹೇಳಲಿಲ್ಲ. ಒಳಗೆ ನುಗ್ಗಿ ತಟ್ಟೆಯನ್ನೂ ಬಟ್ಟಲನ್ನೂ ಕಿತ್ತುಕೊಂಡಳು.

"ಏಯ್, ಯಾರ್ರೀ ನೀವು?" ಸೊಸೆ ಕೂಗಿದಳು. ಮಗು ಕಿರುಚಿತು.

"ಮಗಾ ತಿಂತಾ? ಒಂದು ತುತ್ತಾರ ತಿಂತಾ?"

"ಈಗಿನ್ನಾ ಕಲಸ್ತಿದೀನಿ. ನಿನ್ನೆ ತಿಂದಿದ್ಲು. ಏನಾಯ್ತು?"

ನಾನು ಎಲ್ಲ ಹೇಳುವಷ್ಟರಲ್ಲಿ ಅತ್ತೆ ಬಟ್ಟಲಿನ ಮೊಸರನ್ನು ಸೆರಗಿನಲ್ಲಿ ಸೋಸಿದ್ದಳು. ಏನೂ ಸಿಗಲಿಲ್ಲ. ತಟ್ಟೆಯ ಅನ್ನವನ್ನು ಅಗುಳು ಅಗುಳಾಗಿ ಬಿಡಿಸಿದಳು. ಅದರಲ್ಲೂ ಇಲ್ಲ. ಆದರೆ ಬಟ್ಟಲಿನ ತಳದ ಗಾಜಿನಲ್ಲಿ ಹುಣಸೆಬೀಜದಷ್ಟು ಜಾಗ ಖಾಲಿಯಿತ್ತು. ಅಲ್ಲಿದ್ದ ಗಾಜು ಎಲ್ಲಿ?

ಅಜ್ಜಿ "ದೇವುಡಾ" ಎಂದು ಹಣೆ ಚಚ್ಚಿಕೊಂಡಳು. ಮಗು ಏನೂ ಆಗದಂತೆ ಕಡಲೆಕಾಯಿ ಸಿಪ್ಪೆ ತೂರುತ್ತಿತ್ತು. ಆಸ್ಪತ್ರೆಗೆ ಹೋಗೋಣ ಎಂದು ನಾನು ಆಟೋ ಹುಡುಕಿಕೊಂಡು ಓಡಿದೆ. ಆಟೋ ತರುವಷ್ಟರಲ್ಲಿ ಅತ್ತೆ ಹಿತ್ತಲಲ್ಲಿ ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ಮೊಣಕಾಲೂರಿ ಕೂತಿದ್ದಳು. ಮೋರಿಯ ಕೆಸರನ್ನು ಹಿಡಿ ಹಿಡಿಯಾಗಿ ತೆಗೆದು, ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಹಿಚುಕಿ ಹಿಚುಕಿ ಪಕ್ಕಕ್ಕೆ ಹಾಕುತ್ತಿದ್ದಳು. ಕಣ್ಣು ಮುಚ್ಚಿತ್ತು. ಮಡಕೆ ಮಾಡುವ ಜೇಡಿಯಲ್ಲಿ ಸಣ್ಣ ಕಲ್ಲು ಉಳಿದರೆ ಬೆಂಕಿಯಲ್ಲಿ ಮಡಕೆ ಸಿಡಿಯುತ್ತದೆ. ಅದಕ್ಕೇ ಜೇಡಿಯನ್ನು ಹೀಗೆ ಬೆರಳಲ್ಲೇ ಹುಡುಕುವುದು ಅವಳ ನಿತ್ಯದ ಕೆಲಸ. ಬೆರಳಿನ ಬಟ್ಟೆ ಕಳಚಿಹೋಗಿ ಗಾಯದಿಂದ ರಕ್ತ ಬರುತ್ತಿತ್ತು.

"ನೀವು ಹೊರಡ್ರಿ. ನಾನು ನೋಡ್ತಿರ್ತೀನಿ," ಅಂದಳು, ಕಣ್ಣು ತೆರೆಯದೆ.

ಸೊಸೆ ಮಗುವನ್ನೆತ್ತಿಕೊಂಡು ಆಟೋ ಹತ್ತಿದಳು. ಡ್ರೈವರು ಹಾರನ್ ಒತ್ತಿದ. ನಾನು ಒಂದು ಕಾಲು ಒಳಗಿಟ್ಟಿದ್ದೆ. ಆಗ ಹಿತ್ತಲಿಂದ ಅತ್ತೆಯ ಕೂಗು ಕೇಳಿಸಿತು. ಅದು ಅಳುವೋ ಕರೆಯೋ ತಿಳಿಯದೆ ಎಲ್ಲರೂ ಓಡಿದೆವು. ಪಾತ್ರೆ ಉಜ್ಜುವ ತೆಂಗಿನ ನಾರಿನ ಎಳೆಗಳ ನಡುವೆ ಅದು ಸಿಕ್ಕಿಕೊಂಡಿತ್ತು. ಅತ್ತೆ ಅದನ್ನು ನೀರಲ್ಲಿ ತೊಳೆದು ಬಟ್ಟಲಿನ ಖಾಲಿ ಜಾಗಕ್ಕೆ ಇಟ್ಟಳು. ಒಂದು ಕಡೆ ಕೂರಲಿಲ್ಲ. ತಿರುಗಿಸಿ ಇಟ್ಟಳು. ಅಂಚಿಗೆ ಅಂಚು ಸೇರಿ, ಕೂದಲೆಳೆಯಷ್ಟೂ ಸಂದಿಲ್ಲದೆ ಕೂತುಕೊಂಡಿತು.

"ಪೂರ್ತಿ ಐತೆ," ಅಂದಳು. "ಪೂರ್ತಿ ಇಲ್ಲೇ ಐತೆ." ಆಮೇಲೆ ಅಲ್ಲೇ ಕೆಸರಲ್ಲೇ ಕೂತು ಅತ್ತಳು. ಅಷ್ಟಾದರೂ ಮಗುವನ್ನು ಡಾಕ್ಟರಿಗೆ ತೋರಿಸದೆ ಬಿಡಲಿಲ್ಲ. ಅವರು ಪರೀಕ್ಷೆ ಮಾಡಿ ಏನೂ ತೊಂದರೆಯಿಲ್ಲ ಅಂದ ಮೇಲೇ ನನ್ನ ಜೊತೆ ವಾಪಸ್ ಬಸ್ಸು ಹತ್ತಿದ್ದು.

ಅತ್ತೆ ಹೋದ ವರ್ಷ ತೀರಿಕೊಂಡಳು. ಎದೆನೋವು ಅಂದವಳು ಆಸ್ಪತ್ರೆ ತಲುಪುವ ಮೊದಲೇ ಹೋದಳು. ಗಾಜಿನ ಬಟ್ಟಲು ಈಗ ನಾನು ಮಾಡಿಸುತ್ತೇನೆ. ಆವಿಗೆ ತಾನಾಗಿ ಆರುವ ತನಕ ಕಾಯುತ್ತೇನೆ, ತಿನ್ನಲು ಬರುವುದಿಲ್ಲ ಎಂದು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಹಾಗಾದರೆ ಬೇಡ ಎಂದು ಎದ್ದು ಹೋಗುವವರೇ ಹೆಚ್ಚು, ಹೋಗಲಿ. ಕೊಟ್ಟ ಮೇಲೂ ನೆಮ್ಮದಿಯಿರುವುದಿಲ್ಲ, ನಾಲ್ಕು ದಿನ ಬಿಟ್ಟು ಫೋನು ಮಾಡುತ್ತೇನೆ.

ಪಾವಗಡದಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಅವಳನ್ನು ಒಂದು ಮಾತು ಕೇಳಿದ್ದೆ. "ಆ ಚೂರು ಸಿಗದೇ ಹೋಗಿದ್ರೆ ಏನ್ ಮಾಡ್ತಿದ್ದೆ ಅತ್ತೆ?"

ಇದೇನು ಕೇಳುವ ಮಾತೇ ಎಂಬಂತೆ ಅವಳು ನನ್ನ ಕಡೆ ನೋಡಿದಳು.

"ಆ ಮಗೀಗೆ ಏನೂ ಆಗಿಲ್ಲ ಅಂತ ಗೊತ್ತಾಗೋ ತಂಕ ಅಲ್ಲೇ ಇರ್ತಿದ್ದೆ."