ಮುರಿಯದೆ ಬಿಟ್ಟ ಎಕರೆ

ಕೈಯಲ್ಲಿ ಹಿಡಿಯುವ ಲೆಕ್ಕದ ಯಂತ್ರವನ್ನು ಪಾರಿಶ್ವಾಡದ ಹೊಲಕ್ಕೆ ಮೊದಲು ಒಯ್ದವನು ನಾನು. ಈ ಮಾತನ್ನು ಒಂದು ಕಾಲಕ್ಕೆ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೆ. ಈಗ ಅದೇ ಮಾತನ್ನು ತಪ್ಪೊಪ್ಪಿಗೆ ಎಂದು ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ಮೆಟ್ರಿಕ್ ಮುಗಿಸಿದ ನಾನು ಬೆಳಗಾವಿಯಲ್ಲಿ ಒಬ್ಬ ನಿವೃತ್ತ ಮೋಜಣಿದಾರರ ಕೈಕೆಳಗೆ ದುಡಿಯುತ್ತಿದ್ದೆ. ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲ ಅಳೆದು ವಾಟ್ನಿ, ಅಂದರೆ ಪಾಲು, ಮಾಡಿ ಕೊಡುವುದು ನಮ್ಮ ಕೆಲಸ. ಗುರುಗಳು ಸರಪಳಿ ಹಿಡಿದು ಅಳೆದರೆ ಸುತ್ತಲಿನ ಹಳ್ಳಿಗಳಲ್ಲಿ ಎರಡನೆಯ ಮಾತಿರಲಿಲ್ಲ. ಅವರದು ಒಂದೇ ಕಟ್ಟಳೆ: "ಮೊದಲ ಎಕರೆ ಮುರಿ, ಆಮ್ಯಾಲ ಬಾಯಿ ತಗಿ." ಒಂದು ಎಕರೆಗೆ ನಲವತ್ತು ಗುಂಟೆ. ಕೂಡಿಸುವ, ಭಾಗಿಸುವ ಮೊದಲು ಎಕರೆಗಳನ್ನೆಲ್ಲ ಗುಂಟೆ ಮಾಡಿಕೊಳ್ಳಬೇಕು ಎಂಬುದು ಅದರ ಅರ್ಥ. ಪಾಟಿಯ ಮೇಲೆ ಬಳಪದಿಂದ ಎಕರೆ ಮುರಿದು ಮುರಿದು ನನ್ನ ಬೆರಳು ಬೆಳ್ಳಗಾಗಿದ್ದವು.

ಆ ಯಂತ್ರವನ್ನು ಮೊದಲು ನೋಡಿದ್ದು ಬೆಳಗಾವಿಯ ದಂಡಿನ ಪ್ರದೇಶವಾದ ಕ್ಯಾಂಪಿನ ಒಂದು ಗಡಿಯಾರದ ಅಂಗಡಿಯಲ್ಲಿ. ಗೋವಾದ ಕಡೆಯಿಂದ ಬಂದದ್ದಂತೆ. ಅಂಗೈಯಷ್ಟು ಉದ್ದ, ಸೋಪಿನ ಬಿಲ್ಲೆಯಷ್ಟು ದಪ್ಪ, ಗುಂಡಿ ಒತ್ತಿದರೆ ಕರಿ ಗಾಜಿನೊಳಗೆ ಕೆಂಪು ಅಂಕಿಗಳು ಕೆಂಡದಂತೆ ಮೂಡುತ್ತಿದ್ದವು. ನನ್ನ ಸೈಕಲ್ ಮಾರಿ ಅದನ್ನು ತಂದೆ. ಚರ್ಮದ ಚೀಲದಲ್ಲಿಟ್ಟು ಸೊಂಟಕ್ಕೆ ಕಟ್ಟಿಕೊಂಡೆ. ಅದಕ್ಕೆ ಎರಡು ದೋಷಗಳಿದ್ದವು. ಸೆಲ್ಲುಗಳನ್ನು ವಾರಕ್ಕೊಮ್ಮೆ ತಿನ್ನುತ್ತಿತ್ತು, ಬಿಸಿಲಿನಲ್ಲಿ ಅಂಕಿ ಕಾಣುತ್ತಿರಲಿಲ್ಲ. ಹೊಲದಲ್ಲಿ ಅಂಕಿ ಓದಬೇಕಾದರೆ ತಲೆಯ ಮೇಲೆ ಟವೆಲ್ ಹೊದ್ದು ಕೂರಬೇಕಾಗುತ್ತಿತ್ತು. ಮೂರನೆಯ ದೋಷ ಯಂತ್ರದ್ದಲ್ಲ, ನನ್ನದು.

ಆ ವರ್ಷ ಗುರುಗಳ ಕಣ್ಣಿಗೆ ಪೊರೆ ಬಂದಿತ್ತು. ಪಾರಿಶ್ವಾಡದ ಮೂವರು ಅಣ್ಣತಮ್ಮಂದಿರ ಹೊಲದ ವಾಟ್ನಿಗೆ ನನ್ನೊಬ್ಬನನ್ನೇ ಕಳಿಸಿದರು. ಕಿರಿಯ ತಮ್ಮ ತೀರಿಕೊಂಡಿದ್ದ. ಅವನ ಪಾಲಿಗೆ ಹೆಂಡತಿ ನಿಂತಿದ್ದಳು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಸೆರಗು ಬಿಗಿದು ಕಟ್ಟಿಕೊಂಡು ಬದುವಿನ ಮೇಲೆ ನಿಂತಿದ್ದವಳು. ಕಾಗದದಲ್ಲಿ ಹೊಲ ಏಳು ಎಕರೆ ಐದು ಗುಂಟೆ. ಆ ಮನೆತನದಲ್ಲಿ ವಾಟ್ನಿಯಾದರೆ ಕಿರಿಯರು ಮೊದಲು ಆರಿಸಬೇಕೆಂಬ ಪದ್ಧತಿ. ನೀರಿನ ಆಸೆಗೆ ಅವಳು ಹಳ್ಳದ ಬದಿಯ ತುದಿ ಕೇಳಿದಳು. ಅಳತೆ ದೊಡ್ಡಣ್ಣನ ಪಾಲಿನ ರಸ್ತೆ ಬದಿಯಿಂದ ಶುರುವಾಗಿ ಅವಳ ತುದಿಯಲ್ಲಿ ಮುಗಿಯಬೇಕಿತ್ತು.

ನಾನು ಟವೆಲ್ ಹೊದ್ದು ಕುಳಿತೆ.

"ಒಳಗ ಏನ್ ಮಾಡಾಕತ್ತಾರ್ಲೇ ಇವ್ರು?" ಎಂದ ನಡುವಿನವ.

"ಹೆರಿಗಿ ಆಗಾಕತ್ತೈತಿ, ಸುಮ್ನಿರು," ಎಂದ ದೊಡ್ಡಣ್ಣ. ಎಲ್ಲರೂ ನಕ್ಕರು.

ನಗುವಿನ ನಡುವೆ ಏಳು, ಚುಕ್ಕೆ, ಸೊನ್ನೆ, ಐದು ಒತ್ತಿದೆ. ಮೂರರಿಂದ ಭಾಗಿಸಿದೆ. ಎರಡು ಚುಕ್ಕೆ ಮೂವತ್ತೈದು ಎಂದು ಕೆಂಪಾಗಿ ಬಂತು. ಟವೆಲ್ ಸರಿಸಿ, "ತಲಾ ಎರಡ ಎಕರೆ ಮೂವತ್ತೈದು ಗುಂಟೆ," ಎಂದು ಸಾರಿದೆ. ಗುರುಗಳು ಪಾಟಿಯಲ್ಲಿ ಮಾಡುವ ಲೆಕ್ಕ ಉಗುಳು ನುಂಗುವಷ್ಟರಲ್ಲಿ ಆಗಿತ್ತು.

ಮೊದಲ ಎರಡು ಪಾಲು ಅಳೆದು ಕಲ್ಲು ನೆಟ್ಟೆವು. ಮೂರನೆಯದನ್ನು ಅಳೆದರೆ ಹಳ್ಳದ ದಂಡೆಗೆ ಬರುವಷ್ಟರಲ್ಲಿ ಒಂದು ಎಕರೆ ಹದಿನೈದು ಗುಂಟೆಗೇ ನೆಲ ಮುಗಿಯಿತು. ಮೂರನ್ನೂ ಯಂತ್ರದಲ್ಲಿ ಕೂಡಿಸಿ ಏಳು ಚುಕ್ಕೆ ಸೊನ್ನೆ ಐದರಿಂದ ಕಳೆದೆ. ಒಂದು ಚುಕ್ಕೆ ಇಪ್ಪತ್ತು ಕಡಿಮೆ ಎಂದು ತೋರಿಸಿತು. "ಹಳ್ಳ ತಿಂದೈತ್ರಿ. ಒಂದ ಎಕರೆ ಇಪ್ಪತ್ತು ಗುಂಟೆ ನೀರಿಗೆ ಹೋಗೇತಿ," ಎಂದೆ.

"ಹಳ್ಳ ಅಷ್ಟು ಯಾವಾಗ ತಿಂತ್ರಿ?" ಎಂದಳು ಅವಳು. "ನಾ ಇಲ್ಲೇ ಕಳೆ ತಗದಾಕಿ. ದಂಡಿ ಮ್ಯಾಲಿನ ಜಾಲಿಗಿಡ ನಾ ಲಗ್ನ ಆಗಿ ಬಂದಾಗ ಎಲ್ಲಿತ್ತೋ ಈಗೂ ಅಲ್ಲೇ ಐತಿ."

"ಮಷೀನ್ ಸುಳ್ಳ ಹೇಳತೈತೇನವಾ?" ಎಂದೆ.

"ಮಷೀನಿಗೆ ಹೊಲ ತೋರಿಸೀರೇನ್ರಿ? ಟವೆಲ್ ಒಳಗ ಇಟಗೊಂಡಿದ್ರಿ."

ಮತ್ತೆ ನಕ್ಕರು. ದೊಡ್ಡಣ್ಣ ಮಾತ್ರ ನಗಲಿಲ್ಲ. "ನೀನ ಆರಿಸ್ಕೊಂಡಿ ತಂಗಿ. ನಾವೇನ್ ಹಳ್ಳದ ಕಡಿ ನೂಕಿದ್ವೇನು?" ಎಂದ.

ಮರುದಿನ ನಕಾಶೆಯನ್ನು ಶಾಯಿಯಲ್ಲಿ ಬರೆಯುವಾಗ ಹಳೆಯ ಚಾಳಿಯಿಂದ ಕೈಯಲ್ಲೇ ಕೂಡಿಸಿದೆ. ಮೂವತ್ತೈದು, ಮೂವತ್ತೈದು, ಹದಿನೈದು ಗುಂಟೆ ಕೂಡಿದರೆ ಎಂಬತ್ತೈದು. ಎಂದರೆ ಎರಡು ಎಕರೆ ಐದು ಗುಂಟೆ. ಅದಕ್ಕೆ ಉಳಿದ ಐದು ಎಕರೆ ಸೇರಿಸಿದರೆ ಏಳು ಎಕರೆ ಐದು ಗುಂಟೆ. ಹಳ್ಳ ಒಂದು ಹಿಡಿ ಮಣ್ಣನ್ನೂ ತಿಂದಿರಲಿಲ್ಲ. ಯಂತ್ರಕ್ಕೆ ಎಕರೆ ಗೊತ್ತಿಲ್ಲ, ಗುಂಟೆ ಗೊತ್ತಿಲ್ಲ. ಚುಕ್ಕೆಯ ಆಚೆಗಿನದನ್ನು ಅದು ನೂರರ ಲೆಕ್ಕದಲ್ಲಿ ಓದುತ್ತದೆ, ನಮಗೆ ಬೇಕಾದದ್ದು ನಲವತ್ತರ ಲೆಕ್ಕ. ನಾನು ಎಕರೆ ಮುರಿದಿರಲಿಲ್ಲ. ಮುರಿದಿದ್ದರೆ ಇನ್ನೂರ ಎಂಬತ್ತೈದು ಗುಂಟೆ, ತಲಾ ತೊಂಬತ್ತೈದು, ಅಂದರೆ ಎರಡು ಎಕರೆ ಹದಿನೈದು. ಭಾವಂದಿರಿಬ್ಬರಿಗೂ ಇಪ್ಪತ್ತಿಪ್ಪತ್ತು ಗುಂಟೆ ಹೆಚ್ಚು ಕೊಟ್ಟು, ಆ ಹೆಣ್ಣುಮಗಳ ಪೂರಾ ಒಂದು ಎಕರೆ ಕಿತ್ತುಕೊಂಡಿದ್ದೆ.

ಗುರುಗಳು ಮಂಚದ ಮೇಲಿಂದಲೇ ಕೇಳಿದರು. "ಎಕರೆ ಮುರದ್ಯೇನೋ?"

"ಮುರದೇನ್ರಿ."

ಅವರು ಕಾಣದ ಕಣ್ಣಿನಲ್ಲಿ ನಕಾಶೆಗೆ ಸಹಿ ಹಾಕಿದರು. ಅವರ ಬೆರಳು ಹಿಡಿದು ಸಹಿಯ ಜಾಗ ತೋರಿಸಿದವನು ನಾನೇ. ತಪ್ಪು ಹೇಳಿದರೆ ಗುರುಗಳ ಹೆಸರು ಕೆಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಖರೇ ಕಾರಣ ಬೇರೆಯಿತ್ತು. ಯಂತ್ರ ಕಟ್ಟಿಕೊಂಡವನೆಂದು ಊರೂರಿನಲ್ಲಿ ನನ್ನನ್ನು "ಸಾಹೇಬ್ರ" ಎನ್ನತೊಡಗಿದ್ದರು. ಆ ಒಂದು ಮಾತನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ತಿಂಗಳೊಳಗೆ ಅವಳು ಬಸ್ಸು ಹಿಡಿದು ಕ್ಯಾಂಪಿನ ಬಾಜೂ ಇದ್ದ ನಮ್ಮ ಬಾಡಿಗೆ ಮನೆ ಹುಡುಕಿಕೊಂಡು ಬಂದಳು. ಕಿಟಕಿಯಿಂದ ನೋಡಿದವನೇ ಅಡುಗೆಮನೆಯ ಬಾಗಿಲ ಹಿಂದೆ ಸೇರಿಕೊಂಡೆ. ಕಾಕತಿಗೆ ಮೋಜಣಿಗೆ ಹೋಗಿದ್ದೇನೆ ಎಂದು ಹೇಳು ಎಂದು ಅವ್ವನಿಗೆ ಪಿಸುಗುಟ್ಟಿದೆ. ಅವ್ವ ಹಾಗೆಯೇ ಹೇಳಿದಳು. ನನಗಾಗಿ ಅವಳು ಆಡಿದ ಸುಳ್ಳೂ ನನ್ನ ಲೆಕ್ಕಕ್ಕೇ ಸೇರಿದ್ದು.

"ಹಂಗಾರ ನೀವರೆ ನೋಡ್ರಿ ಯವ್ವಾ," ಎಂದು ಅವಳು ಪಡಸಾಲೆಯಲ್ಲಿ ಕುಳಿತಳು. ಗಂಟು ಬಿಚ್ಚಿ ಹುರುಳಿಕಾಳು ಸುರಿದ ಸದ್ದು ಕೇಳಿತು. "ಇನ್ನೂರಾ ಎಂಬತ್ತೈದು ಕಾಳು ಅದಾವು. ಗುಂಟೆಗೊಂದು. ಮೂರು ಗುಂಪು ಮಾಡತೀನಿ." ಬಾಗಿಲ ಹಿಂದೆ ನಿಂತು ನಾನು ಪೂರ್ತಿ ಕೇಳಿಸಿಕೊಂಡೆ. ಒಂದೊಂದೇ ಕಾಳು ಸರಿಸುತ್ತ ತೊಂಬತ್ತೈದರವರೆಗೆ ಮೂರು ಸಲ ಎಣಿಸಿದಳು. ಸಾಲೆಗೆ ಹೋಗದ ಹೆಂಗಸು ತಾನೇ ಎಕರೆ ಮುರಿದುಕೊಂಡು ಬಂದಿದ್ದಳು. "ಮೋಜಣಿದಾರ ಬರದು ಕೊಟ್ರ ಕಲ್ಲ ಸರಸ್ತೀವಿ ಅಂದಾರ್ರಿ ನಮ್ಮ ಭಾವಗೋಳು. ಒಂದ ಚೀಟಿ ಸಾಕು. ಅಣ್ಣಾವ್ರು ಬಂದ ಮ್ಯಾಲ ಹೇಳ್ರಿ."

ಒಂದು ಚೀಟಿ. ಬಾಗಿಲ ಹಿಂದಿನಿಂದ ನಾಲ್ಕು ಹೆಜ್ಜೆ ಈಚೆ ಬಂದಿದ್ದರೆ ಸಾಕಿತ್ತು. ಬರಲಿಲ್ಲ. ಅವಳು ಕಾಳುಗಳನ್ನು ಮತ್ತೆ ಗಂಟು ಕಟ್ಟಿಕೊಂಡು ಹೋದಳು.

ಗುರುಗಳು ತೀರಿಕೊಂಡರು. ನನಗೆ ಕೆಲಸ ಹೆಚ್ಚಿತು. ಆಮೇಲೆ ಯಾವ ಹೊಲದಲ್ಲೂ ಎಕರೆ ಮುರಿಯದೆ ಗುಂಡಿ ಒತ್ತಿದವನಲ್ಲ. ಆದರೆ ಪ್ರತಿ ಸಲ ಮುರಿಯುವಾಗಲೂ ಹುರುಳಿಯ ಸದ್ದು ಕೇಳುತ್ತಿತ್ತು. ಹಾಗೆಯೇ ಎಂಬತ್ತರ ದಶಕ ಅರ್ಧ ಕಳೆಯಿತು. ಕೊನೆಗೊಂದು ದಿನ ತಪ್ಪನ್ನೆಲ್ಲ ಬರೆದು, ಸಹಿ ಮಾಡಿ, ಪಾರಿಶ್ವಾಡಕ್ಕೆ ಹೋದೆ. ಅವಳು ಅಲ್ಲಿರಲಿಲ್ಲ. ಅಷ್ಟು ನೆಲದಲ್ಲಿ ಹೊಟ್ಟೆ ತುಂಬದೆ, ಅದನ್ನು ಭಾವನಿಗೇ ಬೆಳೆಯ ಪಾಲಿಗೆ ಉಳಲು ಕೊಟ್ಟು ಖಾನಾಪುರದ ಒಂದು ಹಂಚಿನ ಕಾರ್ಖಾನೆ ಸೇರಿದ್ದಳು.

ಅಲ್ಲಿ ಹಸಿ ಹಂಚುಗಳನ್ನು ಸಾಲಾಗಿ ಒಣಹಾಕುತ್ತಿದ್ದಳು. ಮೊಣಕೈವರೆಗೆ ಕೆಂಪು ಮಣ್ಣು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು.

"ಕಾಕತಿಯಿಂದ ಈಗ ಬಂದ್ರೇನ್ರಿ ಸಾಹೇಬ್ರ?"

ನಾನು ಜೇಬಿನಿಂದ ಕಾಗದ ತೆಗೆದೆ.

"ಅವತ್ತ ಬರಿಗಾಲೀಲೆ ಹೋಗಿದ್ರೇನು ಕಾಕತಿಗೆ? ಚಪ್ಪಲಿ ಬಾಗಲದಾಗ ಇದ್ದುವು."

ಹತ್ತು ವರ್ಷ ಅವಳಿಗೆ ಗೊತ್ತಿತ್ತು. ನಾನು ಒಳಗಿದ್ದೆನೆಂದು ತಿಳಿದೇ ಅಷ್ಟು ಗಟ್ಟಿಯಾಗಿ ಕಾಳು ಎಣಿಸಿದ್ದಳು. ನಾನು ಮಣ್ಣಿನ ಮೇಲೆ ಕುಳಿತು ಕಾಗದ ಓದಿದೆ. ಅವಳು ಕೆಲಸ ನಿಲ್ಲಿಸದೆ ಕೇಳಿ, ಕಡೆಯ ಹಂಚು ಇಟ್ಟು, ಸೆರಗಿಗೆ ಕೈ ಒರೆಸಿಕೊಂಡಳು. "ನಡ್ರಿ. ಅವರ ಮುಂದ ಓದ್ರಿ," ಎಂದಳು. ಅವಳ ದನಿಯಲ್ಲಿ ಸಣ್ಣದೊಂದು ಆಸೆ ಇತ್ತು. ಅದನ್ನು ಕೇಳಿದ್ದೇ ನನಗೆ ಅತಿ ಕಷ್ಟದ್ದು.

ಪಾರಿಶ್ವಾಡದಲ್ಲಿ ದೊಡ್ಡಣ್ಣನ ಮನೆಯ ಕಟ್ಟೆಯ ಮೇಲೆ ಓದಿದೆ. ದೊಡ್ಡಣ್ಣ ಪೂರಾ ಕೇಳಿದ. ನಂತರ ಒಳಗೆ ಹೋಗಿ ಸಾಲೆಗೆ ಹೋಗುವ ಮಗಳ ಕಂಪಾಸಿನ ಡಬ್ಬಿಯಿಂದ ಒಂದು ಯಂತ್ರ ತಂದ. ಬೆಂಕಿಪೊಟ್ಟಣದಷ್ಟು ತೆಳ್ಳಗಿನದು, ಸೆಲ್ ಬೇಡ, ಬಿಸಿಲಿಗೇ ನಡೆಯುವಂಥದು. ಟವೆಲ್ಲಿನ ಅಗತ್ಯವೇ ಇಲ್ಲ. ಎಲ್ಲರಿಗೂ ಕಾಣುವಂತೆ ಏಳು, ಚುಕ್ಕೆ, ಸೊನ್ನೆ, ಐದು ಒತ್ತಿ ಮೂರರಿಂದ ಭಾಗಿಸಿದ. ಎರಡು ಚುಕ್ಕೆ ಮೂವತ್ತೈದು.

"ನೋಡ್ರಿ. ಆಗೂ ಅಷ್ಟ, ಈಗೂ ಅಷ್ಟ. ಮಷೀನ್ ಬ್ಯಾರೆ, ಲೆಕ್ಕ ಅದ. ಮಷೀನ್ ಸುಳ್ಳ ಹೇಳಂಗಿಲ್ಲ ಅಂತ ಹೇಳಿದವ್ರು ನೀವ."

"ಎಕರೆ ಮುರೀಬೇಕ್ರಿ ಮೊದಲು. ನಲವತ್ತು ಗುಂಟೆ..."

"ಕಾಗದದಾಗ ಏಳು ಐದು ಐತಿ. ಮುರಿಯೂ ಮಾತು ಎಲ್ಲೈತಿ?"

ಹುಟ್ಟಿನಿಂದ ಹೊಲ ಉಳುವವನಿಗೆ ಎಕರೆಗೆ ಎಷ್ಟು ಗುಂಟೆ ಎಂಬುದು ತಿಳಿಯದೇ? ಮಾತಾಡುವಾಗ ಅವನು ನನ್ನ ಮುಖ ನೋಡಲಿಲ್ಲ, ಯಂತ್ರವನ್ನೇ ನೋಡುತ್ತಿದ್ದ. ಅದರ ಹಿಂದೆ ಅಡಗಿದ್ದ. ಹಾಗೆ ಅಡಗುವುದನ್ನು ಅವನಿಗೆ ತೋರಿಸಿಕೊಟ್ಟವನು ನಾನು.

"ಛಲೋ ಕಲಿಸೀರಿ ಸಾಹೇಬ್ರ," ಎಂದು ಅವಳು ಎದ್ದಳು.

ಖಾನಾಪುರದ ಬಸ್ಸಿನಲ್ಲಿ ಅವಳು ಮುಂದೆ ಕುಳಿತಳು, ನಾನು ಹಿಂದೆ. ಇಳಿಯುವಾಗ ನನ್ನ ಸೀಟಿನ ಬಳಿ ಬಂದು, ಬರೆದು ಕೊಟ್ಟಿದ್ದ ಕಾಗದವನ್ನು ನನ್ನ ತೊಡೆಯ ಮೇಲಿಟ್ಟಳು.

"ನೀವ ಇಟಗೋರ್ರಿ. ಇದರಾಗ ಇದ್ದದ್ದು ನನಗ ಮೊದಲ ಗೊತ್ತಿತ್ತು."

ಕಾಗದದ ಅಂಚಿಗೆ ಅವಳ ಬೆರಳಿನ ಕೆಂಪು ಮಣ್ಣು ಹತ್ತಿತ್ತು. ಅದು ಈಗಲೂ ಹೋಗಿಲ್ಲ.