ಕೈಯಿಲ್ಲದ ಕುರ್ಚಿ

ಮಾನ್ವಿಯ ನಮ್ಮ ಓಣಿಯಲ್ಲಿ ಮೊಣಕಾಲು ನೋಯದ ಹೆಂಗಸರನ್ನು ಹುಡುಕುವುದೆಂದರೆ ಸಾವಿಲ್ಲದ ಮನೆಯ ಸಾಸಿವೆ ಹುಡುಕಿದ ಹಾಗೆ. ಸಂಜೆಯಾದರೆ ಎಲ್ಲರೂ ಹೊರಗಿನ ಕಟ್ಟೆಗೆ ಬರುತ್ತಾರೆ. ಇಡೀ ದಿನದ ಬಿಸಿಲು ಕುಡಿದ ಹಾಸಿನ ಪರ್ಸಿ ಕಲ್ಲು ಇನ್ನೂ ಕಾದಿರುತ್ತದೆ. ಅದರ ಮೇಲೆ ಕಾಲು ಚಾಚಿದರೆ ಪುಕ್ಕಟೆ ಶಾಖ. ಒಬ್ಬರು ಎಕ್ಕದ ಎಲೆ ಅನ್ನುತ್ತಾರೆ, ಇನ್ನೊಬ್ಬರು ಔಡಲೆಣ್ಣೆ ಅನ್ನುತ್ತಾರೆ. ಎಲ್ಲರ ಹತ್ತಿರವೂ ಮದ್ದಿದೆ, ಗುಣವಾದವರು ಮಾತ್ರ ಒಬ್ಬರೂ ಇಲ್ಲ.

ಈ ಕಟ್ಟೆಯ ಹಿರಿತನ ನಮ್ಮ ಅತ್ತೆಯವರದು. ಅವರ ನೋವು ಎಲೆ, ಎಣ್ಣೆ ಎರಡಕ್ಕೂ ಬಗ್ಗದಿದ್ದಾಗ ನಾನೇ ಹಟ ಹಿಡಿದು ರಾಯಚೂರಿನ ಎಲುಬಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಕೀಲು ಸವೆದಿದೆ ಅಂದರು. ಮಾತ್ರೆ ಕೊಟ್ಟರು, ವ್ಯಾಯಾಮ ಕಲಿಸಿದರು. ಇನ್ನು ಮೇಲೆ ನೆಲದ ಮೇಲೆ ಕೂರಬೇಡಿ, ಕುರ್ಚಿ ಬಳಸಿ ಅಂದರು. ಇದರಿಂದ ತಡೆದರೆ ಸರಿ, ಇಲ್ಲದಿದ್ದರೆ ಆಪರೇಷನ್.

ಆಪರೇಷನ್ ಅಂದರೆ ಅತ್ತೆಗೆ ಕತ್ತರಿಯ ಭಯವಲ್ಲ. ದೇವದುರ್ಗದಲ್ಲಿರುವ ಅವರ ತಂಗಿ ಮಾಡಿಸಿಕೊಂಡು ಕುದುರೆಯಂತೆ ಓಡಾಡುತ್ತಾರೆ, ಆದರೆ ನೆಲಕ್ಕೆ ಕೂರುವಂತಿಲ್ಲ. ಅತ್ತೆಗೆ ಚಿಂತೆ ಅದೇ. ಬೆಳಿಗ್ಗೆ ಮಿಂದು, ಮಣೆಯ ಮೇಲೆ ಕಾಲು ಮಡಚಿ ಕುಳಿತು, ಎಡಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡುವವರೆಗೆ ಅವರು ಬಾಯಿಗೆ ನೀರೂ ಹಾಕುವವರಲ್ಲ. ಮದುವೆಯಾಗಿ ತವರೂರು ಕುರ್ಡಿಯಿಂದ ಬರುವಾಗ ತಂದ ಮಣೆ ಅದು.

ಆದರೂ ಡಾಕ್ಟರ ಮಾತಿಗೆ ಅವರು ತಲೆಬಾಗಿದ್ದು ನೋಡಿ ನನಗೇ ಆಶ್ಚರ್ಯವಾಯಿತು. ಅಂಗಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆಲ್ಲ ಕೂತು ನೋಡಿ, ಯಾವುದೂ ಬೇಡ ಅಂದರು. ಕೊನೆಗೆ ಬಡಿಗೇರನಿಗೆ ಹೇಳಿ ಅಗಲವಾದ, ಕೈಯಿಲ್ಲದ ಕುರ್ಚಿ ಮಾಡಿಸಿಕೊಂಡರು. ಅಂದಿನಿಂದ ಬೇಳೆ ಆರಿಸುವುದು, ಬೆಳ್ಳುಳ್ಳಿ ಸುಲಿಯುವುದು, ಪೂಜೆ ಎಲ್ಲವೂ ಆ ಕುರ್ಚಿಯ ಮೇಲೆಯೇ. ಕಟ್ಟೆಯ ಗೆಳತಿಯರಿಗೂ ಉಪದೇಶ ಶುರುವಾಯಿತು, ಡಾಕ್ಟರು ಹೇಳಿದಂತೆ ಕೇಳಬೇಕು ಎಂದು.

ನೋವು ಮಾತ್ರ ಏರುತ್ತಲೇ ಹೋಯಿತು. ಮಾತ್ರೆ ತಗೊಂಡಿರಾ ಅಂದರೆ ತಗೊಂಡೆ, ವ್ಯಾಯಾಮ ಅಂದರೆ ಮಾಡಿದೆ. ನನಗೆ ಡಾಕ್ಟರ ಮೇಲೆಯೇ ಸಿಟ್ಟು ಬಂತು. ಮತ್ತೆ ಕರೆದುಕೊಂಡು ಹೋದೆ.

ಡಾಕ್ಟರು ಮೊಣಕಾಲು ಒತ್ತಿ ನೋಡಿ, ಏನೂ ಸುಧಾರಿಸಿಲ್ಲವಲ್ಲ, ಆಪರೇಷನ್ನೇ ಗತಿ ಅಂದರು. ಗೋಡೆಯ ಪಕ್ಕದ ಬೆಂಚಿಗೆ ಮರಳಿದ ಅತ್ತೆಯ ಕೈ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಹಿಡಿದುಕೊಂಡಿತು. ಡಾಕ್ಟರು ಏನೋ ಬರೆಯುತ್ತಿದ್ದವರು ತಲೆಯೆತ್ತಿ ಅತ್ತೆಯನ್ನು ನೋಡಿದರು, ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು.

"ಯವ್ವಾ, ಮನ್ಯಾಗೂ ಹಿಂಗ ಕುಂಡ್ರತೀರೇನು?"

ಅತ್ತೆ ಬೆಂಚಿನ ಮೇಲೆ ಎರಡೂ ಕಾಲು ಮಡಚಿ, ಸೀರೆ ಮುಚ್ಚಿಕೊಂಡು, ಚಕ್ಕಳಮಕ್ಕಳ ಹಾಕಿ ಹಾಯಾಗಿ ಕುಳಿತಿದ್ದರು.

"ಹೌದ್ರೀ. ನೀವಾ ಕುರ್ಚಿ ಮ್ಯಾಲ ಕುಂಡ್ರು ಅಂದೀರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಮನೆಯಲ್ಲಿ ದಿನವೂ ನೋಡಿದ್ದ ನನಗೇಕೆ ಹೊಳೆಯಲಿಲ್ಲ ಎಂದು ಅವರು ನನ್ನ ಕಡೆ ತಿರುಗಿದರು. ಉತ್ತರ ಕೊಡಲು ಹೊರಟವಳಿಗೆ ನನ್ನ ಕಾಲೂ ಬೆಂಚಿನ ಮೇಲಿರುವುದು ಗೊತ್ತಾಯಿತು. ಸದ್ದಿಲ್ಲದೆ ಇಳಿಸಿ ಚಪ್ಪಲಿ ಹುಡುಕಿದೆ. ಡಾಕ್ಟರು ಕಣ್ಣಲ್ಲಿ ನೀರು ಬರುವಂತೆ ನಕ್ಕು, ಆಪರೇಷನ್ ಮಾತನ್ನು ಸದ್ಯಕ್ಕೆ ಮುಂದೂಡಿದರು. ಆದರೆ ಕಾಲು ಕೆಳಗೇ ಇರಬೇಕು ಎಂದು ಕರಾರು ಹಾಕಿದರು.

ನಾನು ಗೆದ್ದೆವು ಎಂದುಕೊಂಡೆ. ಬಸ್ಸು ಮಾನ್ವಿ ಹತ್ತಿರ ಬಂದಾಗ ಅತ್ತೆಯ ಹೊಟ್ಟೆಯಲ್ಲಿದ್ದುದು ಹೊರಬಂತು. "ಅಂಗೈಯಾಗ ಲಿಂಗ ಇಟ್ಕೊಂಡು ಕಾಲು ಜೋತು ಬಿಟ್ಟು ಕುಂಡ್ರಲೇನು? ಸಂತಿಗೆ ಹೊಂಟ ಬಂಡ್ಯಾಗ ಕುಂತಂಗ?"

ಮರುದಿನ ಮಿಂದವರು ಪೂಜೆಗೆ ಕೂರಲಿಲ್ಲ. ಕಾಲು ಮಡಚಿದರೆ ಆಪರೇಷನ್, ಇಳಿಬಿಟ್ಟರೆ ಶಿವನಿಗೆ ಅವಮಾನ. ಹೊತ್ತು ನೆತ್ತಿಗೆ ಬಂದರೂ ಹನಿ ನೀರು ಮುಟ್ಟಲಿಲ್ಲ. ನಾನು ಬೈದೆ, ಬೇಡಿಕೊಂಡೆ, ಮತ್ತೆ ಬೈದೆ. ನಿಜ ಹೇಳಬೇಕೆಂದರೆ ಹೆದರಿದ್ದೆ.

ನನ್ನ ಗಂಟಲು ಕೇಳಿ ಪಕ್ಕದ ಮನೆಯ ಬಟ್ಟೆ ಅಂಗಡಿಯವರ ತಾಯಿ ಕುಂಟುತ್ತಾ ಬಂದರು. ಅವರೂ ನಮ್ಮ ಕಟ್ಟೆಯವರೇ. ಅತ್ತೆಗೂ ಅವರಿಗೂ ಮೊಣಕಾಲಿನ ನೆಂಟಸ್ತನ. ವಿಷಯ ತಿಳಿದು ಅತ್ತೆಯ ಪಕ್ಕ ಕುಳಿತರು.

"ನಾನೂ ಕುರ್ಚಿ ಮ್ಯಾಲೇ ನಮಾಜ್ ಮಾಡ್ತೀನಿ. ಹಣಿ ನೆಲಕ್ಕ ಮುಟ್ಟಂಗಿಲ್ಲ. ಮೊದಲ ದಿನ ಭಾಳ ಅತ್ತೀನಿ ಬೇ. ಮೊಣಕಾಲು ಕೊಟ್ಟಾವಗ ಅದರ ಹಾಲತ್ ಗೊತ್ತಿರಂಗಿಲ್ಲೇನು?"

ಅತ್ತೆ ಗೆಳತಿಯ ಮೊಣಕಾಲನ್ನು ಒಮ್ಮೆ ಸವರಿದರು. ಆಮೇಲೆ ನನಗೆ ಮಣೆ ತಾ ಅಂದರು. ನೆಲಕ್ಕೇ ಕೂರುತ್ತಾರೆಂದು ನಾನು ಜಗಳಕ್ಕೆ ಸಿದ್ಧಳಾದೆ. ಅವರು ಅದನ್ನು ಕುರ್ಚಿಯ ಮುಂದೆ ಇಡಿಸಿದರು. ಕುರ್ಚಿಯ ಮೇಲೆ ಕುಳಿತು, ಒಂದೊಂದೇ ಕಾಲನ್ನು ಮಣೆಯ ಮೇಲೆ ಇಳಿಸಿದರು. ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟು ಮೆಲ್ಲಗೆ ಹೇಳಿದರು: "ಶಿವನೇ, ಕಾಲು ಕೆಳಗ ಬಿಟ್ಟೀನಿ. ಡಾಕ್ಟರ್ ಹೇಳ್ಯಾನ. ಏನಿದ್ರೂ ಅವನನ್ನ ಕೇಳು."

ಪಕ್ಕದ ಮನೆಯಾಕೆ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ನಾನು ಮಂಚದ ಮೇಲೆ ಕುಳಿತು ನೋಡುತ್ತಿದ್ದೆ. ಪೂಜೆ ಮುಗಿಯಿತು. ಅತ್ತೆ ಕಣ್ಣು ತೆರೆದು ನೀರು ಕೇಳುತ್ತಾರೆಂದು ಚೊಂಬಿಗೆ ಕೈ ಹಾಕಿದೆ. ಅವರು ಚೊಂಬನ್ನು ನೋಡಲಿಲ್ಲ, ಮಂಚದ ಮೇಲೆ ಮಡಚಿದ್ದ ನನ್ನ ಕಾಲುಗಳನ್ನು ನೋಡಿದರು.

"ಮೊದಲು ನಿನ್ನ ಕಾಲು ಇಳಸು. ಮುಂದ ಈ ಕುರ್ಚಿ ನಿಂದಾ ಅದ."